ಮೂಡುಬಿದಿರೆಯಿಂದ ಹೊರಬಂದ ಧವಲಾ

ಇಸವಿ 1883. ಮುಂಬೈಯ ಸೇಠ್ ಮಾಣಿಕಚಂದರು ಯಾತ್ರೆಗೆಂದು ಮೂಡುಬಿದಿರೆಗೆ ಬಂದಿದ್ದಾರೆ. ಗುರು ಬಸದಿಯಲ್ಲಿ ರತ್ನದ ಬಿಂಬಗಳ ದರ್ಶನವಾಯಿತು. ಆಮೇಲೆ ಧವಲಾ ಗ್ರಂಥದ ತಾಳೆಗರಿಯ ಕಟ್ಟುಗಳ ದರ್ಶನ. ದರ್ಶನ ಮಾತ್ರ. ಕೈ ಮುಗಿಯಬಹುದು, ಓದುವಂತಿಲ್ಲ. ಓದಬಲ್ಲವರಾದರೂ ಎಷ್ಟು ಮಂದಿ ಇದ್ದರು? ಮೂಲದ ಭಾಷೆ ಪ್ರಾಕೃತ, ಲಿಪಿ ಹಳಗನ್ನಡ.

ಕಳೆದುಹೋದ ಗ್ರಂಥವನ್ನು ಅರಸಿ ಹೊರಡುವ ಸಾಹಸ ಕಾದಂಬರಿಗಳಲ್ಲಿ ಅದು ಎಲ್ಲಿದೆ ಎಂಬುದೇ ಗುಟ್ಟು. ಈ ಗ್ರಂಥ ಎಲ್ಲಿದೆಯೆಂದು ಭಕ್ತರಿಗೆಲ್ಲ ಗೊತ್ತಿತ್ತು. ಒಳಗೇನಿದೆ ಎಂಬುದು ಮಾತ್ರ ಮರೆತೇಹೋಗಿತ್ತು.

ಕಥೆಯ ಬೇರು ಗಿರ್ನಾರ್ ಬೆಟ್ಟದಲ್ಲಿದೆ. ಬಾಯಿಂದ ಬಾಯಿಗೆ ಬಂದ ಆಗಮದ ಜ್ಞಾನ ತಮ್ಮೊಂದಿಗೇ ಮುಗಿದುಹೋದೀತು ಎಂದು ಅಂಜಿದ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಕಲಿಸಿದರೆಂದು ಜೈನ ಪರಂಪರೆ ಹೇಳುತ್ತದೆ. ಅವರು ಬರೆದಿಟ್ಟದ್ದೇ ಷಟ್ಖಂಡಾಗಮ. ಅದಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಟೀಕೆ ಧವಲಾ: 72,000 ಶ್ಲೋಕದಷ್ಟು ಗಾತ್ರ! ಅವರು ಅರ್ಧಕ್ಕೆ ಬಿಟ್ಟ ಇನ್ನೊಂದು ಟೀಕೆ ಜಯಧವಲಾವನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು. ಆಗ ಆಳುತ್ತಿದ್ದವನು ನಮ್ಮ ಅಮೋಘವರ್ಷ ನೃಪತುಂಗ.

ಮೂಡುಬಿದಿರೆಯ ಧವಲಾ ಪ್ರತಿ 12ನೇ ಶತಮಾನದ್ದು. ಅಗಲವಾದ ಶ್ರೀತಾಳೆಯ ಗರಿ. ಕಂಟದಿಂದ ಕೊರೆದದ್ದಲ್ಲ, ಶಾಯಿಯಿಂದ ಬರೆದದ್ದು. ನಡುನಡುವೆ ಬಣ್ಣದ ಚಿತ್ರಗಳೂ ಇವೆ. ಜೊತೆಗಿರುವ, ಷಟ್ಖಂಡಾಗಮದ್ದೇ ಭಾಗವಾದ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬ ಹೆಣ್ಣುಮಗಳು ವ್ರತದ ಉದ್ಯಾಪನೆಗೆಂದು ಬರೆಸಿ ಮಾಘನಂದಿ ಮುನಿಗಳಿಗೆ ದಾನ ಕೊಟ್ಟಳು. ಅವಳ ಹೆಸರು ನಮಗೆ ತಿಳಿದಿರುವುದೇ ಆ ಗರಿಗಳಿಂದ.

ಮತ್ತೆ ಮಾಣಿಕಚಂದರ ಕಾಲಕ್ಕೆ ಬರೋಣ. ಅವರೂ ಸೊಲ್ಲಾಪುರದ ಹೀರಾಚಂದ ನೇಮಚಂದರೂ ವರ್ಷಗಟ್ಟಲೆ ಓಡಾಡಿ, ಗರಿಗಳು ಹಾಳಾಗುವ ಮುನ್ನ ಪ್ರತಿ ತೆಗೆಯಲು ಒಪ್ಪಿಗೆ ಪಡೆದರು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ಕೆಲಸಕ್ಕೆ ಕುಳಿತರು. ಕರಾರು ಒಂದೇ: ಹೊಸ ಪ್ರತಿಯೂ ಮೂಡುಬಿದಿರೆ ಬಿಟ್ಟು ಹೋಗಕೂಡದು. ಬ್ರಹ್ಮಸೂರಿಗಳು ನಡುವೆಯೇ ತೀರಿಕೊಂಡರು. ಗಜಪತಿಗಳು ಮುಂದುವರಿಸಿದರು.

ಅವರು ಬಸದಿಗಾಗಿ ಬರೆಯುತ್ತಲೇ, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅಷ್ಟು ದೊಡ್ಡ ಗ್ರಂಥ, ಅಷ್ಟು ವರ್ಷ! ಮಾಡಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕೊಟ್ಟ ಮಾತು ಮುರಿಯಿತು, ನಿಜ. ಆದರೆ ಆ ದಂಪತಿಗೆ ನಾನು ಋಣಿ. ಆ ಪ್ರತಿಯನ್ನು ಮಾಣಿಕಚಂದರೂ ಹೀರಾಚಂದರೂ ಕೊಳ್ಳಲಿಲ್ಲ, ಅದು ನ್ಯಾಯವಲ್ಲವೆಂದರು. ಕೊಂಡವರು ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ ಮುಂತಾದ ಊರುಗಳಿಗೆ ಪ್ರತಿಗಳು ಹೋದವು.

ಪ್ರತಿಯ ಪ್ರತಿ, ಅದರ ಪ್ರತಿ. ಅಕ್ಷರ ಜಾರದೆ ಇರುತ್ತದೆಯೇ? ಅಮರಾವತಿಯ ಪ್ರೊಫೆಸರ್ ಹೀರಾಲಾಲ್ ಜೈನರು ಇಂಥ ಪ್ರತಿಗಳನ್ನೇ ನಂಬಿ 1939ರಲ್ಲಿ ಮೊದಲ ಸಂಪುಟ ಅಚ್ಚುಹಾಕಿಸಿದರು. 93ನೇ ಸೂತ್ರಕ್ಕೆ ಬಂದಾಗ ಅವರಿಗೆ ಅನುಮಾನ ಹತ್ತಿತು. ಅಲ್ಲಿ 'ಸಂಜದ', ಅಂದರೆ ಸಂಯತ, ಎಂಬ ಪದ ಬಿಟ್ಟುಹೋದಂತಿದೆ ಎಂದು ಅಡಿಟಿಪ್ಪಣಿ ಬರೆದರು. ಸೂತ್ರ ಹೆಣ್ಣಿನ ವಿಚಾರದ್ದು. ಸಂಪೂರ್ಣ ಸಂಯಮದ ಮೆಟ್ಟಿಲು ಅವಳಿಗೆ ಉಂಟೇ ಎಂಬ ಹಳೆಯ ವಾದವೆಲ್ಲ ಆ ಒಂದು ಪದಕ್ಕೆ ಜೋತುಬಿತ್ತು. ಪಂಡಿತರ ನಡುವೆ ದೊಡ್ಡ ಜಗಳವೇ ಆಯಿತು.

ಅಷ್ಟರಲ್ಲಿ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಮನಸ್ಸು ದೊಡ್ಡದು ಮಾಡಿ, ಮೂಲದೊಂದಿಗೆ ತಾಳೆ ನೋಡಲು ಅವಕಾಶ ಕೊಟ್ಟಿದ್ದರು. ಕಟ್ಟು ಬಿಚ್ಚಿ, ಗರಿ ತೆಗೆದು, ಆ ಸಾಲಿಗೆ ಬಂದರು. ಹಳಗನ್ನಡ ಲಿಪಿಯಲ್ಲಿ ಮೂರೇ ಅಕ್ಷರ, 'ಸಂಜದ', ಅಲ್ಲೇ ಇತ್ತು.