ಕೆಳಗೆ ವಾಸ, ಮೇಲೆ ಬಾಡಿಗೆ: ಮೊದಲ ಮನೆಯ ಲೆಕ್ಕಾಚಾರ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ‘ಮನೆ ಬಾಡಿಗೆಗೆ ಕೊಟ್ಟು ನೋಡು’ ಎಂದು ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು. ನಿಮ್ಮಲ್ಲಿ ಅನೇಕರು ಬಾಡಿಗೆ ಮನೆಯಲ್ಲಿದ್ದೀರಿ; ಕೆಲವರು ಓದಿಗಾಗಿ ಊರು ಬಿಟ್ಟು ಬಂದು ಕೊಠಡಿ ಹಿಡಿದಿದ್ದೀರಿ. ನಾಳೆ ದುಡಿಯತೊಡಗಿದಾಗ ಸ್ವಂತ ಮನೆಯ ಯೋಚನೆ ನಿಮಗೂ ಬರುತ್ತದೆ. ಆಗ ಹಿತೈಷಿಗಳು ಹೇಳುವ ಮಾತು ಒಂದೇ: ‘ಎರಡು ಅಂತಸ್ತಿನ ಮನೆ ಕೊಂಡುಕೊಳ್ಳಿ. ಕೆಳಗೆ ನೀವಿರಿ, ಮೇಲಿನದನ್ನು ಬಾಡಿಗೆಗೆ ಕೊಡಿ. ಸಾಲ ತಾನಾಗಿಯೇ ತೀರುತ್ತದೆ.’ ಈ ಮಾತು ಎಷ್ಟು ನಿಜ? ಇಂದು ಅದನ್ನು ಪರಿಶೀಲಿಸೋಣ.

ಮೊದಲು ಒಂದು ಪದದ ವಿಚಾರ. ‘ಡ್ಯೂಪ್ಲೆಕ್ಸ್’ ಎಂದರೆ ಅಮೆರಿಕದಲ್ಲಿ ಎರಡು ಸಂಸಾರಗಳು ಬೇರೆ ಬೇರೆಯಾಗಿ ಇರಬಹುದಾದ ಒಂದು ಕಟ್ಟಡ. ನಮ್ಮಲ್ಲಿ ಸಾಮಾನ್ಯವಾಗಿ ಒಳಗೇ ಮೆಟ್ಟಿಲಿರುವ, ಒಂದೇ ಸಂಸಾರದ ಎರಡು ಅಂತಸ್ತಿನ ಮನೆಗೆ ಆ ಹೆಸರು. ಅಂಥ ಮನೆಯ ಅರ್ಧವನ್ನು ಬಾಡಿಗೆಗೆ ಕೊಡುವುದು ಕಷ್ಟ. ಬಾಡಿಗೆಯ ಉದ್ದೇಶವಿದ್ದರೆ ಹೊರಗಿನಿಂದ ಮೆಟ್ಟಿಲು, ಪ್ರತ್ಯೇಕ ಅಡುಗೆಮನೆ, ಪ್ರತ್ಯೇಕ ವಿದ್ಯುತ್ ಮೀಟರು ಇರಬೇಕು. ನೀರಿನ ಸಂಪು ಎರಡು ಸಂಸಾರಗಳಿಗೆ ಸಾಲುವಂತಿರಬೇಕು.

ಇನ್ನು ಲೆಕ್ಕ. ಮನೆಯ ಬೆಲೆ 50 ಲಕ್ಷ ರೂಪಾಯಿ ಎಂದುಕೊಳ್ಳಿ. 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲವಾದರೆ ಮನೆಯ ಬೆಲೆಯ ಶೇಕಡಾ 80ಕ್ಕಿಂತ ಹೆಚ್ಚು ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದ್ದರಿಂದ ಸಾಲ 40 ಲಕ್ಷ. ಉಳಿದ 10 ಲಕ್ಷ, ಅದರ ಮೇಲೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ, ಇವು ನಿಮ್ಮ ಉಳಿತಾಯದಿಂದಲೇ ಬರಬೇಕು. ಬಡ್ಡಿ ಶೇಕಡಾ 8.5, ಅವಧಿ 20 ವರ್ಷ ಎಂದಾದರೆ ತಿಂಗಳ ಕಂತು ಸುಮಾರು 34,713 ರೂಪಾಯಿ. ಮೊದಲ ಕಂತಿನಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು 6,380 ಮಾತ್ರ. 20 ವರ್ಷಗಳಲ್ಲಿ ಕಟ್ಟುವ ಒಟ್ಟು ಹಣ ಸುಮಾರು 83 ಲಕ್ಷ.

ಮೇಲಿನ ಮನೆಗೆ 12,000 ರೂಪಾಯಿ ಬಾಡಿಗೆ ಬರುತ್ತದೆ ಎನ್ನೋಣ. ಆದರೆ ಮನೆ ವರ್ಷದ 12 ತಿಂಗಳೂ ತುಂಬಿರುತ್ತದೆಯೇ? ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಉಳಿಯಬಹುದು. ಸುಣ್ಣಬಣ್ಣ, ನಲ್ಲಿ ರಿಪೇರಿ, ಮನೆ ಕಂದಾಯಕ್ಕೆಂದು ಇನ್ನೊಂದು ತಿಂಗಳ ಬಾಡಿಗೆ ತೆಗೆದಿಡಿ. ಕೈಗೆ ಉಳಿಯುವುದು ವರ್ಷಕ್ಕೆ 1,20,000. ತಿಂಗಳಿಗೆ ಸರಾಸರಿ 10,000. ಅಂದರೆ ಇನ್ನೂ 24,713 ರೂಪಾಯಿಯನ್ನು ಸಂಬಳದಿಂದಲೇ ಕಟ್ಟಬೇಕು. ಬಾಡಿಗೆ ಸಾಲವನ್ನು ತೀರಿಸುವುದಿಲ್ಲ. ತೀರಿಸಲು ನೆರವಾಗುತ್ತದೆ, ಅಷ್ಟೆ. ಈ ವ್ಯತ್ಯಾಸ ತಿಳಿಯದೆ ಸಾಲಕ್ಕೆ ಕೈಹಾಕಿದ ಸಂಸಾರ, ಮೇಲಿನ ಮನೆ ಮೂರು ತಿಂಗಳು ಖಾಲಿ ಉಳಿದರೆ ಕಂಗಾಲಾಗುತ್ತದೆ. ಮೊದಲ ಕಂತು ಕಟ್ಟುವ ಮುಂಚೆಯೇ ಆರು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇರುವುದು ಕ್ಷೇಮ.

ಲೆಕ್ಕ ಸರಿಯಾದರೂ ಕಾಗದಪತ್ರ ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಮೂಲಪತ್ರ, ಕ್ರಯಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿ ನೋಡಬೇಕು. ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆಯಬೇಕು. ಕೇಳಿದ ಅವಧಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಯಾವುದೂ ಇಲ್ಲದಿದ್ದರೆ ನಮೂನೆ 16ರಲ್ಲಿ ಅದನ್ನು ಕೊಡುತ್ತಾರೆ. ಎರಡು ಅಂತಸ್ತಿನ ಮನೆಯಲ್ಲಿ ಇನ್ನೂ ಒಂದು ಪ್ರಶ್ನೆ ಮುಖ್ಯ: ಮಂಜೂರಾದ ನಕ್ಷೆಯಲ್ಲಿ ಮೇಲಿನ ಅಂತಸ್ತು ಇದೆಯೇ? ಅನುಮತಿ ಇಲ್ಲದೆ ಮೇಲೆ ಕಟ್ಟಿದ ಮನೆಯ ಬಾಡಿಗೆಯನ್ನು ನಂಬಿ ಸಾಲ ಮಾಡುವುದು ಅಪಾಯಕರ.

ಮುಂಗಡದ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲದಿಂದ ಬಂದಿದೆ. ಭೋಗ್ಯಕ್ಕೆ ಕೊಟ್ಟರೆ ದೊಡ್ಡ ಮೊತ್ತ ಒಂದೇ ಸಲಕ್ಕೆ ಕೈಗೆ ಬರುತ್ತದೆ, ತಿಂಗಳ ಬಾಡಿಗೆ ಇರುವುದಿಲ್ಲ. ಎರಡೂ ಸಂದರ್ಭದಲ್ಲಿ ಆ ಹಣ ಆದಾಯವಲ್ಲ, ಹಿಂದಿರುಗಿಸಬೇಕಾದ ಸಾಲ. ಅದನ್ನು ಖರ್ಚು ಮಾಡಿ ಕುಳಿತ ಮಾಲೀಕರಿಂದಾಗಿ ಬಾಡಿಗೆದಾರರು ತಿಂಗಳುಗಟ್ಟಲೆ ಅಲೆಯುತ್ತಾರೆ.

ಕರಾರುಪತ್ರ ಹೆಚ್ಚಾಗಿ 11 ತಿಂಗಳಿಗೇ ಏಕೆ ಎಂದು ನೀವು ಕೇಳಬಹುದು. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು ಈ ರೂಢಿ. ಬಾಡಿಗೆ, ಮುಂಗಡ, ಬಿಡುವ ಮುನ್ನ ಕೊಡಬೇಕಾದ ನೋಟಿಸು, ಬಣ್ಣದ ಖರ್ಚು ಯಾರದು ಎಂಬುದೆಲ್ಲ ಕರಾರಿನಲ್ಲಿ ಸ್ಪಷ್ಟವಾಗಿರಲಿ. ಬಾಡಿಗೆ ಆದಾಯಕ್ಕೆ ತೆರಿಗೆಯೂ ಉಂಟು. ಬಾಡಿಗೆಯಲ್ಲಿ ಕಟ್ಟಿದ ಮನೆ ಕಂದಾಯವನ್ನು ಕಳೆದು, ಉಳಿದುದರಲ್ಲಿ ಶೇಕಡಾ 30ರಷ್ಟು ರಿಯಾಯಿತಿ ದೊರೆಯುತ್ತದೆ. ಬಾಡಿಗೆ ಭಾಗಕ್ಕೆ ಸಲ್ಲುವ ಸಾಲದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಕೊನೆಯದಾಗಿ, ಮನೆಯ ಮಾಲೀಕನಾಗುವುದೆಂದರೆ ಇನ್ನೊಂದು ಸಂಸಾರದ ನೆಮ್ಮದಿಗೆ ಭಾಗಶಃ ಹೊಣೆಯಾಗುವುದು. ಜಾತಿ ಕೇಳಿ, ಊಟ ಕೇಳಿ, ‘ಹುಡುಗರಿಗೆ ಕೊಡುವುದಿಲ್ಲ’ ಎಂದು ಬಾಗಿಲು ಮುಚ್ಚಿದಾಗ ಆಗುವ ನೋವು ನಿಮ್ಮಲ್ಲಿ ಹಲವರಿಗೆ ಗೊತ್ತು. ಬೀಗದ ಕೈ ನಿಮ್ಮ ಕೈಗೆ ಬಂದ ದಿನ ಅದನ್ನು ಮರೆಯಬೇಡಿ.

ನಿಮ್ಮ ಮನೆಯಲ್ಲಿರುವ ಬಾಡಿಗೆ ಕರಾರನ್ನೋ ಕ್ರಯಪತ್ರವನ್ನೋ ಹಿರಿಯರಿಂದ ಕೇಳಿ ಪಡೆದು, ಈ ವಾರ ಒಮ್ಮೆ ಪೂರ್ತಿಯಾಗಿ ಓದಿ. ತಿಳಿಯದ ಪದಗಳನ್ನು ಗುರುತು ಹಾಕಿಕೊಂಡು ಅವರನ್ನೇ ಕೇಳಿ. ಮುಂದೆ ನೀವು ಸಹಿ ಹಾಕುವ ಕಾಗದವನ್ನು ಓದಿ ತಿಳಿಯುವ ಅಭ್ಯಾಸ ಇಲ್ಲಿಂದಲೇ ಮೊದಲಾಗಲಿ.