ಅರ್ಧ ಅಂಗಳದ ಆಟ

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

 

ಫೀಸು, ಪುಸ್ತಕ, ಸಮವಸ್ತ್ರದ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಈ ವರ್ಷ ಹೊಸದಾಗಿ ಸೇರಿದ ಒಂದು ಬಾಬತ್ತು ಕೆಲವರಿಗೆ ವಿಚಿತ್ರವಾಗಿ ಕಂಡಿದೆ: ಬ್ಯಾಸ್ಕೆಟ್‌ಬಾಲ್ ಕಂಬ ಮತ್ತು ಚೆಂಡು. ಓದಿಸುವ ಟ್ರಸ್ಟಿಗೆ ಚೆಂಡೇಕೆ ಎಂದು ಕೇಳಿದವರಿದ್ದಾರೆ. ಕೇಳಿದ್ದು ಸರಿಯೇ. ಆಟ ನೋಡಿಕೊಳ್ಳುವ ನಿವೃತ್ತ ಶಿಕ್ಷಕರಾದ ನಾವು ಅದಕ್ಕೆ ಉತ್ತರ ಹೇಳಬೇಕು.

ಮೊದಲು ಹಣದ ಮಾತು. ಝಕಾತ್ ಎಂದು ಕೊಟ್ಟ ಹಣ ಬಡ ಮಕ್ಕಳ ಫೀಸಿಗೇ ಹೋಗಿದೆ, ಅದರಲ್ಲಿ ಒಂದು ರೂಪಾಯಿಯೂ ಕಂಬಕ್ಕೆ ಹೋಗಿಲ್ಲ. ಕಂಬ, ಬಲೆ, ಚೆಂಡು ಸಾಮಾನ್ಯ ದೇಣಿಗೆಯಿಂದ ಬಂದವು.

ಇನ್ನು ಆಟ. ಶಿವಾಜಿನಗರ, ತಿಲಕ್ ನಗರ, ಡಿ.ಜೆ. ಹಳ್ಳಿ ಕಡೆಯ ಇಕ್ಕಟ್ಟಾದ ಶಾಲೆಗಳನ್ನು ನೀವು ಬಲ್ಲಿರಿ. ಮೈದಾನ ಎಂದರೆ ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲುವ ಸಿಮೆಂಟಿನ ಅಂಗಳ. ಅದರಲ್ಲೂ ಒಂದು ಮೂಲೆ ನೀರಿನ ಟ್ಯಾಂಕರಿಗೆ, ಇನ್ನೊಂದು ಮೇಷ್ಟರುಗಳ ಸ್ಕೂಟರಿಗೆ. ಕ್ರಿಕೆಟ್ ಆಡಿದರೆ ಪಕ್ಕದ ಮನೆಯ ಗಾಜು ಹೋಗುತ್ತದೆ. ಪೂರ್ಣ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಬೇಕು. ಮೂವರ ಆಟಕ್ಕೆ ಅದೇ ಅಗಲ, 11 ಮೀಟರ್ ಉದ್ದ, ಒಂದೇ ಬುಟ್ಟಿ ಸಾಕು. ಅಷ್ಟೂ ಇಲ್ಲದ ಕಡೆ ಇರುವಷ್ಟರಲ್ಲೇ ಸುಣ್ಣದ ಗೆರೆ ಎಳೆದುಕೊಂಡು ಮಕ್ಕಳು ಆಡುತ್ತಾರೆ.

ಒಂದು ತಂಡಕ್ಕೆ ಮೂವರು, ಬದಲಿಗೆ ಒಬ್ಬರು. ಕಮಾನಿನ ಒಳಗಿಂದ ಹಾಕಿದರೆ 1 ಅಂಕ, ಹೊರಗಿಂದ 2. ಮೊದಲು 21 ಮುಟ್ಟಿದವರು ಗೆದ್ದರು, ಇಲ್ಲವಾದರೆ 10 ನಿಮಿಷಕ್ಕೆ ಮುಂದಿದ್ದವರು. ಚೆಂಡು ಸಿಕ್ಕ ತಂಡ 12 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ನಮ್ಮಲ್ಲಿ ಅದಕ್ಕೆ ಗಡಿಯಾರ ಇಲ್ಲ, ಹೊರಗೆ ಕೂತ ಮಕ್ಕಳೇ ಜೋರಾಗಿ ಎಣಿಸುತ್ತಾರೆ. ಇದು ಗಲ್ಲಿಯ ಆಟವಲ್ಲವೇ ಎಂದರೆ, ಹೌದು, ಬೆಳೆದದ್ದು ಬೀದಿಯಲ್ಲೇ. ಆದರೆ 2010ರಲ್ಲಿ ಸಿಂಗಪುರದ ಯುವ ಒಲಿಂಪಿಕ್ಸ್‌ಗೂ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೂ ಹೋಗಿ ಬಂದಿದೆ.

ಮೇಷ್ಟರಾಗಿ ನಮಗೆ ಹಿಡಿಸಿದ್ದು ಬೇರೆಯೇ. ಐವರ ಆಟದಲ್ಲಿ 10 ಮಕ್ಕಳು ಆಡಿದರೆ ಮಿಕ್ಕವರು ಗೋಡೆಗೆ ಒರಗಿ ನಿಲ್ಲುತ್ತಾರೆ. ಆ 10 ಮಂದಿಯಲ್ಲೂ ಎತ್ತರದ ಇಬ್ಬರ ಕೈಗೇ ಚೆಂಡು. ಮೂವರ ಆಟದಲ್ಲಿ ಯಾರೂ ಅಡಗಿ ನಿಲ್ಲಲಾಗದು. ಎರಡು ಬುಟ್ಟಿಗಳಿದ್ದರೆ ಒಂದೇ ಹೊತ್ತಿಗೆ 12 ಮಕ್ಕಳು. 40 ನಿಮಿಷದ ಪಿರಿಯಡ್ಡಿನಲ್ಲಿ ಮೂರು ಸುತ್ತು, 36 ಮಕ್ಕಳು ಬೆವರುತ್ತಾರೆ.

ಇನ್ನೊಂದು ನಿಯಮವಿದೆ: ತರಬೇತುದಾರರು ಅಂಕಣದ ಪಕ್ಕ ನಿಂತು ಆಡಿಸುವಂತಿಲ್ಲ. ಯಾರು ಹೊರಗೆ ಬರಬೇಕು, ಯಾರು ಒಳಗೆ ಹೋಗಬೇಕು ಎಂಬುದನ್ನೂ ಮಕ್ಕಳೇ ತೀರ್ಮಾನಿಸಿ ಕೈ ತಟ್ಟಿಕೊಂಡು ಬದಲಾಗುತ್ತಾರೆ. ಜೀವನವಿಡೀ ಪಾಠ ಹೇಳಿದ ನಮ್ಮಂಥವರಿಗೆ ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟ ಎಂಬುದು ಇಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು! ಆದರೆ ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ ಇಲ್ಲಿ ಜೊತೆಯವಳಿಗೆ "ಎಡಕ್ಕೆ ಬಾ" ಎಂದು ಕೂಗುವುದನ್ನು ನಾವು ಕಂಡಿದ್ದೇವೆ.

ಹುಡುಗಿಯರ ಮಾತು ಬಂತು. ಅದೇ ನಮ್ಮ ಚಿಂತೆ. ಏಳನೇ ತರಗತಿಯವರೆಗೆ ಓಡಾಡುವ ಹುಡುಗಿಯರು ಎಂಟಕ್ಕೆ ಬಂದಾಗ ಅಂಗಳದ ಅಂಚಿಗೆ ಸರಿಯುತ್ತಾರೆ. ತಲೆವಸ್ತ್ರ ಹಾಕಿ ಆಡಬಹುದೇ ಎಂದು ತಾಯಂದಿರು ಕೇಳುತ್ತಾರೆ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರಿನ ಮಹಿಳಾ ತಂಡ ತಲೆವಸ್ತ್ರ ತೆಗೆಯಲೊಪ್ಪದೆ ಪಂದ್ಯವನ್ನೇ ಬಿಟ್ಟುಕೊಟ್ಟಿತ್ತು. ಆಮೇಲೆ ಅಂತರರಾಷ್ಟ್ರೀಯ ಒಕ್ಕೂಟ ನಿಯಮ ಬದಲಿಸಿತು. 2017ರ ಅಕ್ಟೋಬರ್‌ನಿಂದ ತಲೆವಸ್ತ್ರಕ್ಕೆ ಅವಕಾಶವಿದೆ. ಅದೇ ವರ್ಷ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ, ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, ಭಾರತದ ಮಹಿಳೆಯರು ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು.

ಹಾಗಾಗಿ ಈಗ ತಡೆ ನಿಯಮದ್ದಲ್ಲ, ಹೊತ್ತಿನದು. ಮನೆಗೆ ಬಂದ ಹುಡುಗಿ ತಮ್ಮನನ್ನು ನೋಡಿಕೊಳ್ಳಬೇಕು, ನೀರು ಹಿಡಿಯಬೇಕು. ಹುಡುಗ ಗಲ್ಲಿಗೆ ಹೋಗುತ್ತಾನೆ, ಅವನನ್ನು ಯಾರೂ ಕೇಳುವುದಿಲ್ಲ. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ ಅವಳಿಗೂ ಬಿಡಿ ಎಂದು ಕೇಳುತ್ತಿದ್ದೇವೆ. ಮಗ್ರಿಬ್‌ಗೆ ಮೊದಲೇ ಮನೆ ಸೇರುವಂತೆ ಆಟ ಮುಗಿಸುತ್ತೇವೆ. ಆಟದಿಂದ ಕಾಲೇಜು ಸೀಟು ಸಿಗುತ್ತದೆ ಎಂದು ನಾವು ಯಾರಿಗೂ ಹೇಳುವುದಿಲ್ಲ. ಅಂಥ ಆಸೆ ತೋರಿಸಿ ಮಗುವನ್ನು ಕರೆಯಬಾರದು.

ದಾನಿಗಳಲ್ಲಿ ವಿನಂತಿ: ಮಕ್ಕಳು ಚಪ್ಪಲಿಯಲ್ಲಿ ಆಡಿ ಕಾಲು ಉಳುಕಿಸಿಕೊಳ್ಳುತ್ತಿದ್ದಾರೆ. ಎರಡನೇ ಕಂಬಕ್ಕಿಂತ ಮೊದಲು ಬೂಟು ಕೊಡಿಸಿ.

ಪೋಷಕರೇ, ಅರ್ಜಿ ನಮೂನೆಯ ಎರಡನೇ ಪುಟದಲ್ಲಿ ಸಂಜೆಯ ಆಟಕ್ಕೆ ಒಪ್ಪಿಗೆಯ ಜಾಗವಿದೆ. ಸಹಿ ಹಾಕದಿದ್ದರೂ ವಿದ್ಯಾರ್ಥಿವೇತನಕ್ಕೆ ತೊಂದರೆಯಿಲ್ಲ. ಅನುಮಾನವಿದ್ದವರು ಒಂದು ಸಂಜೆ ಬಂದು ಗೋಡೆ ಪಕ್ಕದ ಬೆಂಚಿನಲ್ಲಿ ಕುಳಿತು ನೋಡಿ. ಅಲ್ಲಿ ನಮ್ಮಂತೆ ನೀವೂ ಸಲಹೆ ಕೊಡುವಂತಿಲ್ಲ, ಅಷ್ಟೇ.