ಮನೆ ಕೊಳ್ಳುವ ಮುಂಚೆ ಎರಡು ಮಾತು

ನಾನು ಭಾಷಣಕಾರನಲ್ಲ, ವೈರಿಂಗ್ ಕೆಲಸದವನು. ಮನೆ ತಗೊಳ್ಳೋ ಯೋಚನೆಯಲ್ಲಿರುವವರಿಗೆ ಎರಡು ಮಾತು ಹೇಳ್ತೀನಿ.

ಡೆಟ್ರಾಯಿಟ್ ಸುತ್ತಮುತ್ತ ಹಳೇ ಮನೆ ನೋಡೋಕೆ ಹೋದಾಗ ಅಡುಗೆಮನೆ ಗ್ರಾನೈಟಿಗೆ ಮರುಳಾಗಬೇಡಿ. ಮೊದಲು ಬೇಸ್‌ಮೆಂಟಿಗೆ ಇಳಿಯಿರಿ. 1940ಕ್ಕಿಂತ ಹಿಂದಿನ ಮನೆಯಾದರೆ ಪಿಂಗಾಣಿ ಇನ್ಸುಲೇಟರ್ ಮೇಲೆ ಎಳೆದ, ಅರ್ತಿಂಗ್ ಇಲ್ಲದ ವೈರು ಇರಬಹುದು. 1965ರಿಂದ 1973ರ ನಡುವಿನದಾದರೆ ಅಲ್ಯೂಮಿನಿಯಂ ವೈರು ಇದೆಯಾ ನೋಡಿಸಿ. ಅದರ ಜಾಯಿಂಟ್ ಸಡಿಲವಾಗಿ, ಕಾದು ಬೆಂಕಿ ಹತ್ತುವುದುಂಟು.

ಇಷ್ಟೆಲ್ಲ ಗೊತ್ತಿದ್ದ ನಾನು ಏಮಾರಿದ್ದು ತೆರಿಗೆಯಲ್ಲಿ. ಮಾರುವವರ ತೆರಿಗೆ ಬಿಲ್ ನೋಡಿ ನನ್ನ ಕಂತಿನ ಲೆಕ್ಕ ಹಾಕಿದೆ. ಮಿಷಿಗನ್‌ನಲ್ಲಿ 1994ರ ತಿದ್ದುಪಡಿ ಪ್ರಕಾರ, ಮನೆ ಕೈ ಬದಲಾಗುವ ತನಕ ತೆರಿಗೆ ಹಾಕುವ ಮೌಲ್ಯ ಹಣದುಬ್ಬರದಷ್ಟೇ ಏರುತ್ತೆ, ವರ್ಷಕ್ಕೆ ಹೆಚ್ಚೆಂದರೆ ಶೇ. 5. ಮಾರಾಟವಾದ ಮುಂದಿನ ವರ್ಷ ಆ ಮಿತಿ ಹೋಗಿ, ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಜಿಗಿಯುತ್ತೆ. ನನಗೆ ಮಾರಿದವರು ಇಪ್ಪತ್ತು ವರ್ಷ ಅಲ್ಲೇ ಇದ್ದವರು! ಕರೆಂಟ್ ಹೊಡೆಯಲಿಲ್ಲ, ಟ್ಯಾಕ್ಸ್ ಹೊಡೀತು. ಆ ವರ್ಷ ಅಪ್ಪನನ್ನು ನೋಡೋಕೆ ಊರಿಗೆ ಹೋಗಲಾಗಲಿಲ್ಲ. ಅಪ್ಪ ಫೋನಲ್ಲಿ, "ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ನೆ ಹೇಳಿದ್ರೇನಪ್ಪ?" ಅಂದರು, ಅಷ್ಟೇ.

ಅದಕ್ಕೇ ಹೇಳೋದು: ಮಾರುವವರ ಬಿಲ್ ನಂಬಬೇಡಿ, ಊರಿನ ಅಸೆಸರ್ ಕಚೇರಿಯಲ್ಲಿ ಮುಂದಿನ ವರ್ಷದ ಅಂದಾಜು ಕೇಳಿ. ಸ್ವಂತ ವಾಸದ ಮನೆ ಅಂತ ವಿನಾಯಿತಿ ಅರ್ಜಿಯನ್ನು ಜೂನ್ 1ರೊಳಗೆ ಕೊಡಿ. ಬೇಸ್‌ಮೆಂಟ್ ನೋಡೋಕೆ ಜೊತೆ ಬೇಕಾದರೆ ನನ್ನನ್ನು ಕರೀರಿ, ಒಂದು ಲೋಟ ಕಾಫಿ ಸಾಕು.